ಕೋಟೆ ಕಾಯೋರು ಯಾರು?

2025ರ ಜುಲೈ 11ರಂದು ಯುನೆಸ್ಕೋದವರು ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ರಾಯಗಡ, ರಾಜಗಡ, ಪ್ರತಾಪಗಡ, ಶಿವನೇರಿ, ಪನ್ಹಾಳಾ, ಸಿಂಧುದುರ್ಗ ಹೀಗೆ ಹನ್ನೊಂದು ಮಹಾರಾಷ್ಟ್ರದಲ್ಲಿವೆ. ಹನ್ನೆರಡನೆಯದು ತಮಿಳುನಾಡಿನ ಜಿಂಜಿ. ಅವತ್ತು ಇಲ್ಲಿ ಎಲ್ಲರ ವಾಟ್ಸಾಪಿನಲ್ಲೂ ಕೋಟೆಯ ಫೋಟೋಗಳೇ. ಖುಷಿಪಡಬೇಕಾದ ಸುದ್ದಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕ ಓಡ್ತಾ ಇದೆ. ಬೆಟ್ಟದ ಮೇಲಿನ ಆ ಕೋಟೆಗಳಿಗೆ ಶಿವಾಜಿ ಮಹಾರಾಜರ ಹೆಸರಿನ ಬಲ ಇದೆ. ಲೋಕಲ್ ಟ್ರೇನಿನ ಹಳಿಯಿಂದ ಕೂಗಳತೆಯಲ್ಲಿ ಬಿದ್ದಿರುವ ಮುಂಬೈಯ ಪುಟ್ಟ ಕೋಟೆಗಳಿಗೆ ಯಾರಿದ್ದಾರೆ?

"ಮುಂಬೈಯಲ್ಲಿ ಕೋಟೆ ಎಲ್ಲಿದೆ ಮಾರಾಯ್ರೇ?" ಅಂತ ಕೇಳುವವರಿದ್ದಾರೆ. ಇಲ್ಲೇ ಮೂವತ್ತು ವರ್ಷ ಕಳೆದವರೂ ಕೇಳ್ತಾರೆ. ಅವರ ತಪ್ಪಲ್ಲ. ನಮಗೆಲ್ಲ ಗೊತ್ತಿರೋದು ಫೋರ್ಟ್ ಅನ್ನೋ ಏರಿಯಾ. ಬ್ಯಾಂಕುಗಳು, ವಕೀಲರು, ಉಡುಪಿ ಹೋಟೆಲುಗಳು, ಫುಟ್‌ಪಾತಿನ ಪುಸ್ತಕದಂಗಡಿಗಳು. ಹಗಲು ಆ ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ನಮ್ಮವರ ಒಂದು ತಲೆಮಾರೇ ಇದೆ. ಅವರಿಗೂ ಆ ಹೆಸರು ಎಲ್ಲಿಂದ ಬಂತು ಅಂತ ಕಣ್ಣಿಗೆ ಕಂಡಿರಲಿಕ್ಕಿಲ್ಲ. ಯಾಕೆಂದರೆ ಗೋಡೆಯೇ ಇಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಊರು ಬೆಳೆಯಲು ಜಾಗ ಬೇಕು ಅಂತ ಗೋಡೆಗಳನ್ನು ಕೆಡವಿದರು. ಉಳಿದಿರೋದು ಹೆಸರು, ಮತ್ತೆ ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಒಂದು ತುಂಡು.

ಆ ತುಂಡು ಯಾಕೆ ಉಳೀತು ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಬೇರೆ ಕೋಟೆಗಳ ಪರಿಚಯ ಆಗಲಿ.

ಹದಿನೇಳನೇ ಶತಮಾನದ ಮುಂಬೈ ಅಂದರೆ ನಡುವೆ ಉಪ್ಪುನೀರು ತುಂಬಿದ ಏಳು ದ್ವೀಪಗಳು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಇದನ್ನು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಕೊಟ್ಟರು. 1668ರಲ್ಲಿ ರಾಜ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಕೈಗೆ ಬಂದ ಮೇಲೆ ಕಂಪನಿಗೆ ಹೆದರಿಕೆ ಶುರುವಾಯಿತು. ಉತ್ತರಕ್ಕೆ ಸಾಲ್ಸೆಟ್‌ನಲ್ಲಿ ಪೋರ್ಚುಗೀಸರು, ದಕ್ಷಿಣಕ್ಕೆ ಜಂಜೀರಾದ ಸಿದ್ದಿಗಳು, ಎದುರು ದಡದಲ್ಲಿ ಮರಾಠರು. ಹಾಗಾಗಿ ನೀರು ಎಲ್ಲೆಲ್ಲಿ ಒಳಗೆ ಬರುತ್ತದೋ ಅಲ್ಲಲ್ಲಿ ಒಂದೊಂದು ಕೋಟೆ.

ಸಯನ್ ಕೋಟೆ ಗವರ್ನರ್ ಜೆರಾಲ್ಡ್ ಆಂಗಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ ಎದ್ದದ್ದು. ಆಚೆಗಿನ ಪೋರ್ಚುಗೀಸರ ಮೇಲೆ ಕಣ್ಣಿಡಲು. ವರ್ಲಿ ಕೋಟೆ 1675ರದು, ಮಾಹಿಮ್ ಕೊಲ್ಲಿಯ ತುದಿಯಲ್ಲಿ. ಸೆವ್ರಿ ಕೋಟೆ 1680ರದು, ಪೂರ್ವದ ಬಂದರನ್ನು ನೋಡಿಕೊಂಡು ಗುಡ್ಡದ ಮೇಲೆ. ಮಾಹಿಮ್ ಕೋಟೆ ಕೊಲ್ಲಿಯ ಈ ದಡದಲ್ಲಿ. ಅದರ ಎದುರಿಗೆ ಬಾಂದ್ರಾದಲ್ಲಿ ಪೋರ್ಚುಗೀಸರು 1640ರಲ್ಲೇ ಕಟ್ಟಿದ್ದ ಅಗುವಾದಾ ಕೋಟೆ. ಧಾರಾವಿಯಲ್ಲಿ ಕಾಲಾ ಕಿಲ್ಲಾ. ಅದರ ಗೋಡೆಯ ಕಲ್ಲುಫಲಕದಲ್ಲಿ ಗವರ್ನರ್ ಹಾರ್ನ್ ಹೆಸರೂ 1737ರ ಇಸವಿಯೂ ಇವೆ. ಆ ಇಸವಿಗೂ ಅರ್ಥ ಇದೆ. ಅದೇ ವರ್ಷ ಮರಾಠರು ಪಕ್ಕದ ಸಾಲ್ಸೆಟ್‌ಗೆ ನುಗ್ಗಿದರು. 1739ರಲ್ಲಿ ಚಿಮಾಜಿ ಅಪ್ಪಾ ವಸಾಯಿ ಕೋಟೆಯನ್ನೇ ಪೋರ್ಚುಗೀಸರಿಂದ ಕಿತ್ತುಕೊಂಡರು.

ಒಂದೊಂದನ್ನೇ ನೋಡಿದರೆ ಇವು ಏನೂ ಅಲ್ಲ. ರಾಯಗಡ ನೋಡಿದ ಕಣ್ಣಿಗೆ ಸಯನ್ ಕೋಟೆ ಮುರಿದ ಕಲ್ಲಿನ ಮನೆ. ಆದರೆ ನಕ್ಷೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದು ನೋಡಿ. ಹಳೆಯ ಮುಂಬೈಯ ಬೇಲಿ ಸಿಗುತ್ತದೆ. ಇವತ್ತು ಎಲ್ಲ ಕಡೆ ಮಣ್ಣು ತುಂಬಿ ಒಂದೇ ಊರಾಗಿದೆ. ಇಲ್ಲಿ ನೀರಿತ್ತು, ಇಲ್ಲಿ ಗಡಿಯಿತ್ತು, ಇಲ್ಲಿಂದ ಆಚೆ ಬೇರೆ ರಾಜ್ಯ ಅಂತ ಹೇಳೋಕೆ ಉಳಿದಿರುವ ಸಾಕ್ಷಿ ಈ ಕೋಟೆಗಳ ಸಾಲು. ಆದ್ದರಿಂದ ಇವನ್ನು ಸಾಲಾಗಿಯೇ ಉಳಿಸಿಕೊಳ್ಳಬೇಕು, ಬಿಡಿಬಿಡಿಯಾಗಿ ಅಲ್ಲ.

ಈ ಬೇಲಿ ಒಮ್ಮೆ ಮುರಿದೂ ಇದೆ. 1689ರಲ್ಲಿ ಔರಂಗಜೇಬನ ಪರವಾಗಿ ಸಿದ್ದಿ ಯಾಕೂತ್ ಖಾನ್ ಸೆವ್ರಿಯಲ್ಲಿ ಸೈನ್ಯ ಇಳಿಸಿದ. ಮೊದಲು ಸೆವ್ರಿ ಕೋಟೆ, ಆಮೇಲೆ ಮಝಗಾಂವ್, ಆಮೇಲೆ ಮಾಹಿಮ್ ಅವನ ಕೈಗೆ ಹೋದವು. ಕಂಪನಿಯವರು ಫೋರ್ಟಿನೊಳಗೆ ಸಿಕ್ಕಿಬಿದ್ದರು. ಕೊನೆಗೆ ಮೊಗಲರಿಗೆ ಒಂದೂವರೆ ಲಕ್ಷ ರೂಪಾಯಿ ದಂಡ ಕೊಡಲು ಒಪ್ಪಿ 1690ರಲ್ಲಿ ಬಚಾವಾದರು. ಮುಂದೆ ಇಡೀ ದೇಶ ಆಳಿದ ಕಂಪನಿ ಹೀಗೆ ಮಂಡಿಯೂರಿದ್ದು ಇದೇ ಊರಿನಲ್ಲಿ. ಸಿದ್ದಿ ಹೊರಡುವಾಗ ಮಝಗಾಂವ್ ಕೋಟೆ ನೆಲಸಮವಾಯಿತು. ಈಗ ಅಲ್ಲಿ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನ ಇದೆ. ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿ ವಾಕಿಂಗ್ ಮಾಡುವ ಎಷ್ಟು ಜನಕ್ಕೆ ಈ ಕಥೆ ಗೊತ್ತು? ಚಿತ್ರದುರ್ಗಕ್ಕೆ ಹೋದ ಮಗು ಓಬವ್ವನ ಕಿಂಡಿ ನೋಡದೆ ಬರೋದಿಲ್ಲ. ಕಲ್ಲಿಗೆ ಕಥೆ ಅಂಟಿಕೊಂಡಿದ್ದರೆ ಜನ ಕಲ್ಲನ್ನೂ ಬಿಡೋದಿಲ್ಲ. ಮುಂಬೈ ಕೋಟೆಗಳಿಗೂ ಕಥೆ ಇದೆ, ಹೇಳುವವರು ಕಡಿಮೆ.

ಇನ್ನು ಈಚಿನ ಕಾಲದ್ದು. ಮಲಬಾರ್ ಹಿಲ್ಲಿನ ರಾಜ್ಯಪಾಲರ ನಿವಾಸದ ಕೆಳಗೆ 2016ರಲ್ಲಿ ಒಂದು ಬಂಕರ್ ಸಿಕ್ಕಿತು. ಆಗಿನ ರಾಜ್ಯಪಾಲ ವಿದ್ಯಾಸಾಗರ ರಾವ್ ಅವರ ಕಾಲದಲ್ಲಿ ಮುಚ್ಚಿದ್ದ ಗೋಡೆ ಒಡೆಸಿ ನೋಡಿದರೆ ಒಳಗೆ ಹದಿಮೂರು ಕೋಣೆಗಳು! ಶೆಲ್ ಸ್ಟೋರ್, ಕಾರ್ಟ್ರಿಜ್ ಸ್ಟೋರ್, ಶೆಲ್ ಲಿಫ್ಟ್, ವರ್ಕ್‌ಶಾಪ್ ಅಂತ ಕೋಣೆಗಳಿಗೆ ಹೆಸರು ಬರೆದದ್ದೂ ಹಾಗೇ ಇತ್ತು. ಸಮುದ್ರದ ಕಡೆಯಿಂದ ಬರುವ ಶತ್ರು ಹಡಗಿಗೆ ಗುಂಡು ಹೊಡೆಯುವ ತೋಪುಗಳ ನೆಲಮಾಳಿಗೆ ಅದು. ಸ್ವಾತಂತ್ರ್ಯ ಬಂದ ಮೇಲೆ ಬಾಗಿಲು ಮುಚ್ಚಿದ್ದು, ಮರೆತೇ ಹೋಗಿತ್ತು. ರಿಪೇರಿ ಮಾಡಿ 2019ರ ಆಗಸ್ಟಿನಲ್ಲಿ ಮ್ಯೂಸಿಯಂ ಆಗಿ ತೆರೆದರು, ರಾಷ್ಟ್ರಪತಿ ಕೋವಿಂದ್ ಅವರು ಉದ್ಘಾಟಿಸಿದರು. 2022ರ ಜೂನಿನಲ್ಲಿ ಅಲ್ಲೇ ಕ್ರಾಂತಿಕಾರಿಗಳ ಗ್ಯಾಲರಿಯನ್ನು ಪ್ರಧಾನಿ ಉದ್ಘಾಟಿಸಿದರು.

ಬಂಕರನ್ನು ಮತ್ತೆ ಮುಚ್ಚಿಬಿಡದೆ ಜನರಿಗೆ ತೆರೆದದ್ದಕ್ಕೆ ಶಹಬ್ಬಾಸ್ ಅನ್ನಲೇಬೇಕು. ಕ್ರಾಂತಿಕಾರಿಗಳ ಬಗ್ಗೆ ನನಗೂ ಗೌರವ ಇದೆ. ಆದರೆ ನನ್ನ ಅಭಿಪ್ರಾಯ ಇಷ್ಟೇ: ಒಂದು ಜಾಗದ ಪರಂಪರೆ ಉಳಿಸೋದು ಅಂದರೆ ಮೊದಲು ಆ ಜಾಗ ತನ್ನ ಕಥೆ ಹೇಳಬೇಕು. ಶೆಲ್ ಲಿಫ್ಟ್ ಹೇಗೆ ಕೆಲಸ ಮಾಡುತ್ತಿತ್ತು, ಮದ್ದನ್ನು ನೆಲದಡಿಯಲ್ಲಿ ಯಾಕೆ ಇಡುತ್ತಿದ್ದರು, ಮುಂಬೈ ಬಂದರಿಗೆ ಯಾರ ಭಯ ಇತ್ತು... ಇದು ಮುಂದಿನ ಸಾಲು. ಬೇರೆ ಕಥೆಗಳಿಗೆ ಬೇರೆ ಗೋಡೆಗಳು ಸಿಗುತ್ತವೆ, ಈ ಕಥೆಗೆ ಇದೊಂದೇ ಗೋಡೆ.

ಈಗ ಅಸಲು ವಿಷಯ. ಕೋಟೆ ಹಾಳಾಗೋದು ಹೇಗೆ?

ತೋಪಿನ ಗುಂಡಿಗೆ ಬೀಳದ ಗೋಡೆ ಮಳೆಗೆ ಬೀಳುತ್ತದೆ. ಇವೆಲ್ಲ ಕಪ್ಪುಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟಡಗಳು. ಗೋಡೆಯ ತಲೆಯ ಮೇಲೆ ಒಂದು ಬಿರುಕು ಬಿಟ್ಟರೆ ಮಳೆಗಾಲದ ನಾಲ್ಕು ತಿಂಗಳು ನೀರು ಒಳಗೆ ಇಳಿಯುತ್ತದೆ. ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಹುಟ್ಟುತ್ತದೆ. ಮೊದಲ ವರ್ಷ ಬೆರಳಲ್ಲಿ ಕೀಳಬಹುದು. ಐದನೇ ವರ್ಷ ಅದರ ಬೇರು ಕಲ್ಲಿನ ಸಂದಿಯಲ್ಲಿ ಕೂತಿರುತ್ತದೆ. ಹತ್ತನೇ ವರ್ಷ ಗಿಡ ಕಡಿದರೂ ಬೇರು ಚಿಗುರುತ್ತದೆ, ಬೇರು ಎಳೆದರೆ ಗೋಡೆ ಬರುತ್ತದೆ. ಇದರ ಮೇಲೆ ಸಿಮೆಂಟಿನ ತೇಪೆ ಬೇರೆ. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಬಿಡುತ್ತದೆ. ಸಿಮೆಂಟು ಬಿಡೋದಿಲ್ಲ. ಸಿಕ್ಕಿಕೊಂಡ ತೇವ, ಕಡಲ ಉಪ್ಪು ಎರಡೂ ಸೇರಿ ಒಳಗಿನ ಗಾರೆಯನ್ನು ತಿಂದುಹಾಕುತ್ತವೆ. ಹೊರಗಿಂದ ಗಟ್ಟಿ, ಒಳಗಿಂದ ಪುಡಿ. ಮಾಹಿಮ್, ವರ್ಲಿ, ಬಾಂದ್ರಾದಂಥ ಕಡೆ ಬುಡಕ್ಕೆ ಅಲೆಯ ಏಟು ಬೇರೆ.

ಗಮನಿಸಿ, ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಡ. ಮಳೆಗೆ ಮುಂಚೆ ಒಬ್ಬ ಮನುಷ್ಯ ಗೋಡೆಯ ಮೇಲೆ ಓಡಾಡಿ ಗಿಡ ಕಿತ್ತು, ನೀರು ಹೋಗುವ ದಾರಿ ಬಿಡಿಸಿ, ಬಿರುಕಿಗೆ ಸುಣ್ಣದ ಗಾರೆ ತುಂಬಿದರೆ ಸಾಕು. ಆದರೆ ಅದನ್ನು ಪ್ರತಿ ವರ್ಷ ಮಾಡಬೇಕು. ತೊಂದರೆ ಇರೋದು ಅಲ್ಲೇ.

ಬಿ.ಕಾಂ ಓದಿದ ನಮಗೆ ಮೊದಲ ವರ್ಷವೇ ಕಲಿಸಿದ ಪಾಠ: ಖರ್ಚಿನಲ್ಲಿ ಎರಡು ಬಗೆ, ಕ್ಯಾಪಿಟಲ್ ಮತ್ತು ರೆವಿನ್ಯೂ. ಲೈಟು, ಸೌಂಡು, ಟೈಲ್ಸ್ ಹಾಕಿದ ಕಾಲುದಾರಿ, ಸೆಲ್ಫಿ ಪಾಯಿಂಟು ಇವೆಲ್ಲ ಕ್ಯಾಪಿಟಲ್ ಖರ್ಚು. ಒಮ್ಮೆ ಮಂಜೂರಾಗುತ್ತದೆ, ಉದ್ಘಾಟನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ಅರಳಿ ಗಿಡ ಕೀಳುವವನ ಸಂಬಳ ರೆವಿನ್ಯೂ ಖರ್ಚು. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ. ಕಾರು ತಗೊಳ್ಳಲು ಸಾಲ ಸಿಗುತ್ತದೆ, ಸರ್ವಿಸಿಂಗಿಗೆ ದುಡ್ಡು ಇಡದಿದ್ದರೆ ಆ ಕಾರಿನ ಗತಿ ಏನು? ನಮ್ಮ ಸ್ಮಾರಕಗಳದ್ದೂ ಅದೇ ಗತಿ.

ಇದು ನನ್ನೊಬ್ಬನ ಅನುಮಾನ ಅಲ್ಲ. 2023ರ ಜನವರಿಯಲ್ಲಿ ಸುದ್ದಿಯಾದ ಸಂಸದೀಯ ಸಮಿತಿಯ ವರದಿ ನೆನಪಿಸಿಕೊಳ್ಳಿ. ಕೇಂದ್ರದ ರಕ್ಷಣೆಯಲ್ಲಿರುವ 3,693 ಸ್ಮಾರಕಗಳಲ್ಲಿ ಕಾವಲುಗಾರರು ಇದ್ದದ್ದು ಬರೀ 248 ಕಡೆ. ಬೇಕಾಗಿದ್ದದ್ದು 7,000 ಜನ, ಕೊಡಲು ಆದದ್ದು 2,578. ಕಾರಣ ಬಜೆಟ್ ಸಾಲದು ಅಂತ. ಇದು ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಕಥೆ. ರಾಜ್ಯದ ಪಟ್ಟಿಯಲ್ಲಿರುವ ಸಣ್ಣ ಕೋಟೆಗಳು, ಯಾವ ಪಟ್ಟಿಯಲ್ಲೂ ಇಲ್ಲದವು ಇನ್ನು ಹೇಗಿರಬೇಕು ಲೆಕ್ಕ ಹಾಕಿ.

ಎರಡನೇ ತೊಂದರೆ, ಕೀಲಿ ಯಾರ ಕೈಯಲ್ಲಿದೆ ಅನ್ನೋದು. ಯಾವ ಬ್ಯಾಂಕಿಗೆ ಹೋದರೂ ಸ್ಟ್ರಾಂಗ್ ರೂಮಿನ ಕೀಲಿ ಇಬ್ಬರು ಅಧಿಕಾರಿಗಳ ಹತ್ತಿರ ಇರುತ್ತದೆ. ಅವರ ಹೆಸರು, ತಾರೀಖು, ಸಹಿ ರಿಜಿಸ್ಟರಿನಲ್ಲಿ ಇರುತ್ತದೆ. ಟ್ರಾನ್ಸ್‌ಫರ್ ಆದರೆ ಕೀಲಿ ಒಪ್ಪಿಸಿ ಸಹಿ ಹಾಕಿಯೇ ಹೋಗಬೇಕು. ಮುಂಬೈಯಲ್ಲಿ ಕೇಂದ್ರದ ಪುರಾತತ್ವ ಇಲಾಖೆ ಇದೆ, ರಾಜ್ಯದ ಪುರಾತತ್ವ ಇಲಾಖೆ ಇದೆ, ಮಹಾನಗರ ಪಾಲಿಕೆ ಇದೆ, ಬಂದರಿನವರಿದ್ದಾರೆ, ಕಲೆಕ್ಟರ್ ಕಚೇರಿ ಇದೆ. ಗೋಡೆ ಒಬ್ಬರದು, ನೆಲ ಇನ್ನೊಬ್ಬರದು, ದಾರಿ ಮತ್ತೊಬ್ಬರದು, ಕಸ ಎತ್ತುವವರು ಮಗದೊಬ್ಬರು ಅಂತಾದರೆ ಗೋಡೆ ಕುಸಿದ ದಿನ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ನಾಲ್ಕು ಇಲಾಖೆಯ ಹೆಸರಿಗಿಂತ ಒಬ್ಬ ಮನುಷ್ಯನ ಹೆಸರು ಹೆಚ್ಚು ಕೆಲಸ ಮಾಡುತ್ತದೆ.

ಸೇಂಟ್ ಜಾರ್ಜ್ ಕೋಟೆಯ ತುಂಡಿನ ಮಾತು ಇಲ್ಲಿಗೆ ಬರುತ್ತದೆ. ಅದರೊಳಗೆ ರಾಜ್ಯ ಪುರಾತತ್ವ ಇಲಾಖೆಯ ಕಚೇರಿಯೇ ನಡೆಯುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆಯುತ್ತಾರೆ, ಸಂಜೆ ಹಾಕುತ್ತಾರೆ. ಸೂರು ಸೋರಿದರೆ ಅವರ ಫೈಲೇ ಒದ್ದೆಯಾಗುತ್ತದೆ! ಬಳಕೆಯಲ್ಲಿರುವ ಕಟ್ಟಡ ಬದುಕುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಬಾಂದ್ರಾ ಕೋಟೆ ಇನ್ನೊಂದು ಉದಾಹರಣೆ. 2003ರ ಸುಮಾರಿಗೆ ಬ್ಯಾಂಡ್‌ಸ್ಟ್ಯಾಂಡಿನ ನಿವಾಸಿಗಳ ಟ್ರಸ್ಟ್ ಮುಂದೆ ಬಂತು. ಆಗ ರಾಜ್ಯಸಭಾ ಸದಸ್ಯೆಯಾಗಿದ್ದ ಶಬಾನಾ ಆಜ್ಮಿ ತಮ್ಮ ನಿಧಿಯಿಂದ ಹಣ ಕೊಟ್ಟರು, ಆರ್ಕಿಟೆಕ್ಟ್ ಪಿ. ಕೆ. ದಾಸ್ ಕೆಲಸ ನಿಭಾಯಿಸಿದರು. ಕಮಾನು ಉಳೀತು, ಪಕ್ಕದಲ್ಲಿ ಬಯಲು ರಂಗಮಂದಿರ ಬಂತು. ಕೋಟೆಯನ್ನು ಹೊಸದಾಗಿ ಕಟ್ಟಲು ಹೋಗಲಿಲ್ಲ, ಇದ್ದದ್ದನ್ನು ಹಿಡಿದು ನಿಲ್ಲಿಸಿದರು. ಅಕ್ಕಪಕ್ಕದವರಿಗೆ ಅದು ತಮ್ಮದು ಅನ್ನಿಸಿದ್ದೇ ಅದರ ಕಾವಲು. ಒಂದು ಮಾತು ಮಾತ್ರ ಮರೆಯಬಾರದು. ಬಾಂದ್ರಾದವರಿಗೆ ದನಿ ಇದೆ, ಫೋನ್ ಮಾಡಿದರೆ ಎತ್ತುವವರಿದ್ದಾರೆ. ಧಾರಾವಿಯ ಕಾಲಾ ಕಿಲ್ಲಾದ ಅಕ್ಕಪಕ್ಕದವರಿಗೆ ಅದು ಎಲ್ಲಿಂದ ಬರಬೇಕು? ದನಿ ಇಲ್ಲದ ಕಡೆ ಸರಕಾರವೇ ಮುಂದೆ ನಿಲ್ಲಬೇಕು.

ಹಾಗಾದರೆ ಕೋಟೆಯೊಳಗೆ ಮನೆ ಮಾಡಿಕೊಂಡವರ ಗತಿ? ಇದು ಸುಲಭದ ಪ್ರಶ್ನೆ ಅಲ್ಲ. ಮಾಹಿಮ್ ಕೋಟೆಯೊಳಗೆ ದಶಕಗಳಿಂದ ಸಂಸಾರಗಳಿದ್ದವು. 2022ರ ಹೊತ್ತಿಗೆ ಪಾಲಿಕೆ 267 ಗುಡಿಸಲು ತೆರವು ಮಾಡಿ ಆ ಜನಕ್ಕೆ ಬೇರೆ ಕಡೆ ಮನೆ ಕೊಟ್ಟಿತು. ಕೋಟೆಗೆ ಅದು ಬೇಕಿತ್ತು, ಅಲ್ಲಿದ್ದವರಿಗೂ ಅಲೆ ಬಡಿದು ಸಡಿಲಾದ ಗೋಡೆಯ ಕೆಳಗೆ ಮಲಗುವುದು ಅಪಾಯವೇ ಆಗಿತ್ತು. ಆದರೆ ಮನೆ ಕೊಟ್ಟರೆ ಲೆಕ್ಕ ಚುಕ್ತಾ ಆಗೋದಿಲ್ಲ. ಮಗುವಿನ ಶಾಲೆ, ಹೆಂಗಸರ ಮನೆಗೆಲಸ, ಬಸ್ ಚಾರ್ಜು ಎಲ್ಲ ಬದಲಾಗುತ್ತದೆ. ಅಷ್ಟು ಜನ ಅಷ್ಟು ಕಷ್ಟಪಟ್ಟು ಬಿಟ್ಟುಕೊಟ್ಟ ಜಾಗ ಐದು ವರ್ಷದಲ್ಲಿ ಮತ್ತೆ ಕಸದ ಗುಂಡಿಯಾದರೆ? ಅದು ಕೋಟೆಗೂ ಅನ್ಯಾಯ, ಆ ಸಂಸಾರಗಳಿಗೆ ಅದಕ್ಕಿಂತ ದೊಡ್ಡ ಅನ್ಯಾಯ. ಒಕ್ಕಲೆಬ್ಬಿಸುವ ಮುನ್ನವೇ ಕಾಯುವವರನ್ನು ಗೊತ್ತುಮಾಡಬೇಕು ಅಂತ ನಾನು ಹೇಳೋದು ಇದಕ್ಕೇ.

ವರ್ಲಿಯದು ಬೇರೆ ಥರ. ಅದು ಕೋಳಿವಾಡದ ತುದಿಯಲ್ಲಿದೆ. ಮೀನುಗಾರ ಕೋಳಿಗಳು ಕಂಪನಿಗಿಂತ, ಪೋರ್ಚುಗೀಸರಿಗಿಂತ ಮೊದಲೇ ಇಲ್ಲಿದ್ದವರು. ಕೋಟೆಯೊಳಗೆ ಒಂದು ದೇವಸ್ಥಾನ ಇದೆ, ಹುಡುಗರ ವ್ಯಾಯಾಮಶಾಲೆ ಇದೆ, ಬಾವಿ ಇದೆ. ಪಕ್ಕಾ ಪರಂಪರೆ ಪ್ರೇಮಿಗಳು ಇದನ್ನು ಅತಿಕ್ರಮಣ ಅನ್ನಬಹುದು, ನಾನು ಅನ್ನೋದಿಲ್ಲ. ಅವರೇ ಅಲ್ಲಿ ದಿನಾ ಓಡಾಡುವವರು, ಅಂದರೆ ಅವರೇ ಸಂಬಳವಿಲ್ಲದ ಕಾವಲುಗಾರರು. ಅವರನ್ನು ಹೊರಗೆ ಹಾಕಿ ಎಲ್ಲಿಂದಲೋ ಸೆಕ್ಯುರಿಟಿ ಏಜೆನ್ಸಿಯವರನ್ನು ತಂದು ಕೂರಿಸುವುದಕ್ಕಿಂತ ಅದೇ ಕೋಳಿವಾಡದ ನಾಲ್ಕು ಹುಡುಗರಿಗೆ ಸಂಬಳ ಕೊಟ್ಟು, ಸುಣ್ಣದ ಗಾರೆ ಕೆಲಸ ಕಲಿಸಿ, ಬಂದವರಿಗೆ ಕಥೆ ಹೇಳಲು ಬಿಟ್ಟರೆ ಏನು ನಷ್ಟ?

ಎರಡು ಆಕ್ಷೇಪಣೆ ಬರ್ತವೆ ಅಂತ ಗೊತ್ತು. ಒಂದು, "ಇವು ಪರಕೀಯರು ಕಟ್ಟಿದ ಕೋಟೆ, ಗುಲಾಮಗಿರಿಯ ಗುರುತು, ಯಾಕೆ ಉಳಿಸಬೇಕು?" ಉಳಿಸೋದು ಅಂದರೆ ಪೂಜೆ ಮಾಡೋದು ಅಲ್ಲ. ಬಾಂದ್ರಾ ಕೋಟೆಯ ಮೇಲೆ ಸಂಜೆ ಕೂತಿರುವ ಯಾವ ಜೋಡಿಯೂ ಪೋರ್ಚುಗಲ್ ರಾಜನಿಗೆ ಜೈ ಅನ್ನುತ್ತಿರೋದಿಲ್ಲ! ಕಲ್ಲು ಇಲ್ಲಿನದು, ಹೊತ್ತ ಬೆನ್ನೂ ಇಲ್ಲಿನದೇ. ಅಷ್ಟಲ್ಲದೆ, ಕಾಲಾ ಕಿಲ್ಲಾ ನಿಂತಿರೋದೇ ಮರಾಠರ ಭಯಕ್ಕೆ. ಆ ಭಯದ ಸಾಕ್ಷಿಯನ್ನು ನಾವೇ ಯಾಕೆ ಅಳಿಸಬೇಕು?

ಇನ್ನೊಂದು, "ಊರಿನಲ್ಲಿ ಮನುಷ್ಯರಿಗೇ ಜಾಗ ಇಲ್ಲ, ಹಳೆಯ ಕಲ್ಲಿಗೆ ಯಾಕೆ ದುಡ್ಡು?" ನ್ಯಾಯವಾದ ಪ್ರಶ್ನೆ. ಆದರೆ ಮುಂಬೈಯಲ್ಲಿ ಬಡವನಿಗೆ ಪುಕ್ಕಟೆಯಾಗಿ ಕೂರಲು ಸಿಗುವ ಎತ್ತರದ, ಗಾಳಿ ಬೀಸುವ ಜಾಗ ಎಷ್ಟಿವೆ ಹೇಳಿ? ಸಯನ್ ಗುಡ್ಡದ ಮೇಲೆ ನಿಂತರೆ ಊರು ಕಾಣುತ್ತದೆ. ಸೆವ್ರಿ ಕೋಟೆಯಿಂದ ಚಳಿಗಾಲದಲ್ಲಿ ಕೆಸರು ದಡದ ಫ್ಲೆಮಿಂಗೋ ಹಕ್ಕಿಗಳು, ಆಚೆ 2024ರಲ್ಲಿ ತೆರೆದ ಅಟಲ್ ಸೇತು ಕಾಣುತ್ತವೆ. ಇದಕ್ಕೆ ಮಾಲ್‌ನಲ್ಲಿ ಕಾಫಿ ಕುಡಿಯಬೇಕಿಲ್ಲ. ಕೋಟೆ ಉಳಿಸೋದು ಇತಿಹಾಸಕ್ಕೆ ಮಾತ್ರ ಅಲ್ಲ, ಒಂದು ಖೋಲಿಯಲ್ಲಿ ಆರು ಜನ ಮಲಗುವವರ ಭಾನುವಾರಕ್ಕೂ ಹೌದು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಕೋಟೆಯ ಬಾಗಿಲಲ್ಲಿ ಅದರ ಜವಾಬ್ದಾರಿ ಹೊತ್ತ ಅಧಿಕಾರಿಯ ಹುದ್ದೆ, ಫೋನ್ ನಂಬರ್ ಬರೆದ ಬೋರ್ಡು. ಯಾವ ಯೋಜನೆಗೆ ಹಣ ಮಂಜೂರಾದರೂ ಒಂದು ಭಾಗ ಠೇವಣಿ ಇಟ್ಟು, ಬಡ್ಡಿಯಿಂದ ವರ್ಷ ವರ್ಷದ ದುರಸ್ತಿ. ಮೇ ತಿಂಗಳಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ತಪಾಸಣೆ, ಫೋಟೋ ಸಮೇತ ಎಲ್ಲರೂ ನೋಡುವ ಹಾಗೆ. ಕಾವಲಿಗೆ ಅಕ್ಕಪಕ್ಕದವರು. ಎಲ್ಲ ಕೋಟೆಗಳಿಗೂ ಸೇರಿ ಒಂದು ನಕ್ಷೆ, ಒಂದೇ ಕಥೆ. ಇಷ್ಟಾಗುವ ತನಕ ಬಣ್ಣದ ಲೈಟು ಬೇಡ.

ಮಾಟುಂಗಾ, ಸಯನ್, ವಡಾಲಾ ಕಡೆ ನಮ್ಮವರು ಸಾವಿರಾರು ಜನ ಇದ್ದೀವಿ. ನಮ್ಮ ಸಂಘಗಳು ಪ್ರವಾಸ ಅಂದರೆ ಬಸ್ ಮಾಡಿಕೊಂಡು ಲೋಣಾವಳಾಗೆ ಹೋಗ್ತಾರೆ. ಮುಂದಿನ ಸಲ ಒಂದು ಭಾನುವಾರ ಬೆಳಿಗ್ಗೆ ಸಯನ್ ಕೋಟೆ ಹತ್ತಿ, ಅಲ್ಲಿಂದ ಸೆವ್ರಿಗೆ ಹೋಗಿ, ಮಕ್ಕಳಿಗೆ 1689ರ ಕಥೆ ಹೇಳಿದರೆ ಹೇಗೆ? ಹೋದ ಮೇಲೆ ಗೋಡೆಯ ಮೇಲೆ ಅರಳಿ ಗಿಡ ಕಂಡರೆ ನೀವೇ ಕೀಳಲು ಹೋಗಬೇಡಿ, ಕಲ್ಲು ಸಡಿಲವಾದೀತು. ಫೋಟೋ ತೆಗೆದು ಸಂಬಂಧಪಟ್ಟ ಕಚೇರಿಗೆ ಒಂದು ಪತ್ರ ಹಾಕಿ, ಸ್ವೀಕೃತಿ ತಗೊಳ್ಳಿ. ಮುಂದಿನ ವರ್ಷ ಮತ್ತೆ ಹೋಗಿ ನೋಡಿ.

ನೀವೇನಂತೀರಿ? ನಿಮ್ಮ ಮನೆ ಹತ್ತಿರ ಇಂಥದ್ದೊಂದು ಕೋಟೆ ಇದ್ದರೆ ಅದರ ಸ್ಥಿತಿ ಈಗ ಹೇಗಿದೆ, ಬರೆಯಿರಿ.